ಬೀನ್ಸಮ್ಮ ಚಿಮುಕಿಸಿದ ನೀರು

ಬೀನ್ಸಮ್ಮನ ಮುತ್ತಜ್ಜನನ್ನು ಊರು ಕಲ್ಲಜ್ಜ ಎನ್ನುತ್ತಿತ್ತು. ಗುಡ್ಡದ ಇಳಿಜಾರಿನಲ್ಲಿ ಹಾರೆ ಬಾಗುವಷ್ಟು ಕಲ್ಲು ಕಿತ್ತು, ಆ ಕಲ್ಲಿನಲ್ಲೇ ಬದು ಕಟ್ಟಿ, ಹೊಲವೆನ್ನಬಹುದಾದ ನೆಲ ಮಾಡಿದವನು ಅವನು. ಅವನ ಮಗ ಮೇಲಿನ ತೊರೆಯಿಂದ ಕಾಲುವೆ ತೋಡಿ ನೀರು ತಂದ. ಕಾಲು ಮುರಿದುಕೊಂಡು ಕುಂಟಜ್ಜ ಅನ್ನಿಸಿಕೊಂಡದ್ದೂ ಆ ಕೆಲಸದಲ್ಲೇ. ಕುಂಟಜ್ಜನ ಹೆಂಡತಿ ಅಲ್ಲಿ ಮೊದಲ ಸಲ ಹುರುಳಿಕಾಯಿ ಬೆಳೆದು ಸಂತೆಗೆ ಹೊತ್ತಳು. ಬಿಸಿಲಿಗೆ ಕಾಯಿ ಸೊರಗದಂತೆ ದಾರಿಯುದ್ದಕ್ಕೂ ಬುಟ್ಟಿಗೆ ನೀರು ಚಿಮುಕಿಸುವುದನ್ನು ಮನೆಗೆ ಕಲಿಸಿದವಳು ಅವಳೇ. ಆ ಮನೆಯ ಕಾಯಿ ಮುರಿದರೆ ಲಟಕ್ಕೆನ್ನುವುದು ಸಂತೆಯ ಆಚೆ ತುದಿಗೂ ಕೇಳಿಸುತ್ತದೆ ಎಂದು ದಲ್ಲಾಳಿಗಳೇ ಆಡಿಕೊಳ್ಳುತ್ತಿದ್ದರು.

ಇಂಥವರ ಮೊಮ್ಮಗಳು ಬೀನ್ಸಮ್ಮ. ಗಂಡ ಬೇಗ ಕಣ್ಮುಚ್ಚಿದ. ಬಳ್ಳಿಗೆ ಕೋಲು ನೆಡುತ್ತಾ, ಕಾಯಿ ಬಿಡಿಸುತ್ತಾ ಒಬ್ಬಳೇ ಮಗಳನ್ನು ಸಾಕಿದಳು. ಮಗಳಿಗೆ ಪಟ್ಟಣದಲ್ಲಿ ಕೆಲಸ ಸಿಕ್ಕಿತು. ಹುರುಳಿಕಾಯನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸುವ ಕಂಪನಿಯ ಶೆಡ್ಡಿನಲ್ಲಿ ಏಪ್ರನ್ ಕಟ್ಟಿ ಕಾಯಿ ಆರಿಸುವುದು.

"ಸೊಟ್ಟಗಿದ್ರೆ ಎತ್ತಿ ಆಚೆ ಹಾಕ್ತಾರಮ್ಮ ಅಲ್ಲಿ," ಎಂದಳು ಮಗಳು.

"ಹಾಗಾದ್ರೆ ನಿನ್ನ ಹೆಂಗೇ ಒಳಗೆ ಬಿಟ್ರು?"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

ಮಗಳು ಕಾಯಿಗೆ ತಾನೇ ಹೊಣೆಯೆಂದು ಅಲ್ಲಿನ ಮೇಲ್ವಿಚಾರಕನಿಗೆ ಮಾತು ಕೊಟ್ಟು ಊರಿನವರ ಕಾಯನ್ನೂ ಕಂಪನಿ ಕೊಳ್ಳುವಂತೆ ಮಾಡಿದಳು. ಎಲ್ಲರ ಕ್ರೇಟುಗಳೂ ಬೀನ್ಸಮ್ಮನ ಚಪ್ಪರದಡಿ ಸೇರಿ, ಅಲ್ಲಿಂದ ಲಾರಿಗೆ ಹೋಗಬೇಕು. "ಕಾಯಿಗೆ ಒಂದು ಹನಿ ನೀರೂ ತಾಗಬಾರದಮ್ಮ," ಎಂದು ಮಗಳು ಹೇಳಿದ್ದಳು. ತಾಯಿ ಹೂಂಗುಟ್ಟಿದ್ದಳು. ಪಟ್ಟಣದವರ ಮಡಿಮೈಲಿಗೆ ಇರಬೇಕು ಎಂದುಕೊಂಡು ಅಷ್ಟಕ್ಕೇ ಬಿಟ್ಟಿದ್ದಳು.

ಆ ದಿನ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು. ಬಿಸಿಲು ನೆತ್ತಿ ಸುಡುತ್ತಿತ್ತು. ಕ್ರೇಟಿನಲ್ಲಿ ಕಾಯಿ ಮೆತ್ತಗಾಗುವುದನ್ನು ನೋಡಿ ಬೀನ್ಸಮ್ಮ ನೀರಿನ ಕೊಡ ತಂದಳು.

"ಯಾಕವ್ವ, ನೀರು ಬೇಡ ಅಂದಿದ್ರಲ್ಲ?" ಎಂದ ಪಕ್ಕದ ಹೊಲದ ಮಾವ.

"ಬಾಡಿದ ಕಾಯಿ ಕಳಿಸಿ ನನ್ನ ಮಗಳು ತಲೆ ತಗ್ಗಿಸಬೇಕಾ? ಸುಮ್ನಿರು ಮಾವ. ನಮ್ಮಜ್ಜಿ ಕಾಲದಿಂದ ಮಾಡ್ಕೊಂಡು ಬಂದಿದ್ದು."

ಕೂಸಿಗೆ ಎಣ್ಣೆ ಹಚ್ಚುವವಳ ಹಾಗೆ ಒಂದೊಂದು ಕ್ರೇಟಿಗೂ ನೀರು ಚಿಮುಕಿಸಿದಳು. ಕಾಯಿ ನಳನಳಿಸಿತು. ಸಂಜೆಗೆ ಲಾರಿ ಬಂದು ಒಯ್ದಿತು.

ಸಂತೆಯ ಕಾಯಿ ಅಂದೇ ಸಾರಿನ ಪಾತ್ರೆಗೆ ಬೀಳುತ್ತದೆ; ವಿಮಾನದ ಕಾಯಿ ಮುಚ್ಚಿದ ಪೆಟ್ಟಿಗೆಯಲ್ಲಿ ದಿನಗಟ್ಟಲೆ ತಣ್ಣಗೆ ಕೂರಬೇಕು, ಪಸೆಯಿದ್ದರೆ ಅಲ್ಲೇ ಕೊಳೆಯುತ್ತದೆ. ಹೊರದೇಶದಲ್ಲಿ ಪೆಟ್ಟಿಗೆ ತೆರೆದಾಗ ಕಾಯಿಯ ಮೈತುಂಬ ಕಂದು ಕಲೆ, ಅಂಟಂಟು ಲೋಳೆ. ಎಲ್ಲವೂ ತಿಪ್ಪೆಗೆ ಹೋಯಿತು. ಕಂಪನಿ ಊರಿನ ಕೈಬಿಟ್ಟಿತು. ಮಾತು ಕೊಟ್ಟಿದ್ದ ಮಗಳಿಗೆ ಏಪ್ರನ್ ಬಿಚ್ಚಿಡು ಎಂದರು.

ಮಗಳು ಮನೆಗೆ ಬಂದು ಹೊಸ್ತಿಲಲ್ಲೇ ನಿಂತಳು. "ಅಮ್ಮ, ನೀರು ಹಾಕಿದ್ಯಾ?"

"ಬಾಡ್ತಾ ಇತ್ತು ಕಣೇ."

ಮಗಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಬೈದಿದ್ದರೆ ತಾಯಿಯ ಜೀವ ಹಗುರಾಗುತ್ತಿತ್ತೇನೋ. ಕೈಕಾಲು ತೊಳೆದು ತಟ್ಟೆ ಹಾಕಿದಳು, ಅಮ್ಮನಿಗೆ ಬಡಿಸಿದಳು. ಊರಿನವರೂ ಜಗಳಕ್ಕೆ ಬರಲಿಲ್ಲ. ಅವಳ ಚಪ್ಪರದ ಮುಂದಿನ ದಾರಿ ಬಿಟ್ಟು ಬದುವಿನ ಮೇಲೆ ನಡೆಯತೊಡಗಿದರು, ಅಷ್ಟೇ. ಮಗಳು ಕೆಲಸ ಕೇಳಿಕೊಂಡು ಅಲೆದಳು. ಹೋದಲ್ಲೆಲ್ಲ, ನೀರು ಹಾಕಿದವಳ ಮಗಳಲ್ಲವೇ ನೀನು, ಎಂದರು.

ಸಂತೆಯ ಬೆಳಗ್ಗೆ ಬೀನ್ಸಮ್ಮ ಬುಟ್ಟಿ ತುಂಬಿ, ತಲೆಗೆ ಬಟ್ಟೆಯ ಸಿಂಬಿ ಸುತ್ತಿಕೊಂಡಳು. ಮಗಳು ಒಳಗಿನಿಂದ ಬಂದು ಬಾಗಿ ಬುಟ್ಟಿಯ ಅಂಚು ಹಿಡಿದಳು.

"ಎತ್ತಿ ಕೊಡ್ತೀನಿ. ನಾನೂ ಬರ್ತೀನಿ, ಅರ್ಧ ದಾರಿ ನಾನು ಹೊರ್ತೀನಿ."

ಬೀನ್ಸಮ್ಮ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಬೇಡ ಮಗಳೇ, ಮುಟ್ಟಬೇಡ. ಇನ್ನೊಂದು ಕಂಪನಿಯ ಮೇಸ್ತ್ರಿ ಸಂತೇಲಿ ಓಡಾಡ್ತಿರ್ತಾನೆ. ನನ್ನ ಪಕ್ಕದಲ್ಲಿ ನಿನ್ನ ಕಂಡ್ರೆ ಆ ಬಾಗಿಲೂ ಮುಚ್ಚುತ್ತೆ. ಯಾರಾದ್ರೂ ಕೇಳಿದ್ರೆ ಅವಳಿಗೂ ನನಗೂ ಮಾತಿಲ್ಲ ಅನ್ನು. ಬುಟ್ಟಿ ನಾನೇ ಎತ್ಕೋತೀನಿ. ಒಳಗೆ ಹೋಗು."