ರಾಶಿಗೆ ಬಿದ್ದ ಹಿಡಿ ಕಾಳು

ಪತ್ರಿಕೆಯಲ್ಲಿ ಬೆಳೆಯ ಲೆಕ್ಕ ಬಂತೆಂದರೆ ಇವತ್ತಿಗೂ ನನಗೆ ಕೂತು ಓದಲಾಗುವುದಿಲ್ಲ. ರಾಜ್ಯದಲ್ಲಿ ಜೋಳ ಹೋದ ವರ್ಷಕ್ಕಿಂತ ಇಷ್ಟು ಹೆಚ್ಚು, ಹತ್ತಿ ಇಷ್ಟು ಕಡಿಮೆ, ಎತ್ತುಗಳ ಸಂಖ್ಯೆ ಇಳಿದಿದೆ, ಎಮ್ಮೆಗಳದು ಏರಿದೆ. ಎರಡು ಸಾಲು ಮುಗಿಯುವುದರೊಳಗೆ ಎದ್ದು ಅಂಗಳದಲ್ಲಿ ತಿರುಗಾಡಲು ಸುರು ಮಾಡುತ್ತೇನೆ. "ಕಾಲಿಗೆ ಚಕ್ರ ಕಟ್ಕೊಂಡ ಹುಟ್ಟೀರಿ. ಪೇಪರ್ ಓದಾಕರ ಒಂದ ಕಡೆ ಕುಂಡ್ರಬಾರದ್ರಿ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಗದರುತ್ತಾಳೆ. ಅವಳಿಗೆ ಕಾರಣ ಗೊತ್ತಿಲ್ಲ. ಇಷ್ಟು ವರ್ಷ ನಾನು ಹೇಳಿಲ್ಲ.

ನಮ್ಮ ಸೀಮೆ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ಗೋಕಾಕದಲ್ಲಿ ನನಗೆ ಬೆಳೆಯ ಅಂದಾಜು ಬರೆಯುವ ನೌಕರಿ ಸಿಕ್ಕಿತ್ತು, ಅದೂ ಹಂಗಾಮಿ. ಕೆಲಸ ಮೂರು ತರಹದ್ದು. ಸುಗ್ಗಿಯಲ್ಲಿ ಹೊಲಕ್ಕೆ ಹೋಗಿ ಬೆಳೆ ಕೊಯ್ಸಿ ತೂಗುವುದು, ಸಂತೆಗಳಲ್ಲಿ ಕಾಳಿನದೂ ದನದ್ದೂ ಧಾರಣೆ ಬರೆದುಕೊಳ್ಳುವುದು, ಮೇಲಿಂದ ಆಜ್ಞೆ ಬಂದ ವರ್ಷ ಮನೆಮನೆಗೆ ಹೋಗಿ ದನಕರು ಎಣಿಸುವುದು. ನನ್ನಂಥ ಕೂತಲ್ಲಿ ಕೂರದವನಿಗೆ ಹೇಳಿ ಮಾಡಿಸಿದ ಕೆಲಸ. ಸೈಕಲ್ಲಿನ ಹಿಂದೆ ಒಂದು ಚೀಲ. ಅದರಲ್ಲಿ ಅಳತೆಯ ಹಗ್ಗ, ನಾಲ್ಕು ಗೂಟ, ತಕ್ಕಡಿ. ಬೆಳಿಗ್ಗೆ ಕೊಣ್ಣೂರು, ಮಧ್ಯಾಹ್ನ ಮೂಡಲಗಿ, ಮರುದಿನ ಹುಕ್ಕೇರಿ. ಒಂದೂರಿನಲ್ಲಿ ಚಹಾ ಆರುವ ತನಕ ಕಾಯುವ ತಾಳ್ಮೆ ನನಗಿರಲಿಲ್ಲ. ಬಿಸಿ ಚಹಾ ಕುಡಿದು ನಾಲಿಗೆ ಸುಟ್ಟುಕೊಂಡೇ ಮುಂದಿನ ಊರಿಗೆ ಓಡುತ್ತಿದ್ದೆ.

ಬೆಳೆ ತೂಗುವ ಕ್ರಮ ಹೀಗಿತ್ತು. ಊರಿನ ಯಾವ ಹೊಲ ಎಂಬುದನ್ನು ಚೀಟಿ ಎತ್ತಿದ ಹಾಗೆ ಮೇಲಿನ ಕಚೇರಿಯವರೇ ಆರಿಸಿ ಕಳಿಸುತ್ತಿದ್ದರು. ಆ ಹೊಲದಲ್ಲಿ ಹೇಳಿದಷ್ಟು ಹೆಜ್ಜೆ ನಡೆದು, ಹಗ್ಗ ಹಿಡಿದು, ಗೂಟ ಬಡಿದು, ಸಣ್ಣದೊಂದು ಚೌಕ ಮಾಡಬೇಕು. ಚೌಕದೊಳಗಿನ ಜೋಳವನ್ನಷ್ಟೇ ಕೊಯ್ದು, ಬಡಿದು, ತೂರಿ, ಕಾಳು ತೂಗಬೇಕು. ಆ ಚೂರು ನೆಲದ ಕಾಳನ್ನು ಎಕರೆಗೆ ಹಿಗ್ಗಿಸುತ್ತಾರೆ, ಎಕರೆಯದನ್ನು ಊರಿಗೆ, ಊರಿನದನ್ನು ತಾಲೂಕಿಗೆ. ಕೊನೆಗೆ ರಾಜ್ಯದ ಪುಸ್ತಕದಲ್ಲಿ ಈ ವರ್ಷ ಇಷ್ಟು, ಹೋದ ವರ್ಷ ಅಷ್ಟು ಎಂದು ಅಚ್ಚಾಗುತ್ತದೆ.

ಮೂಡಲಗಿಯಿಂದಾಚೆ, ಎರೆಹೊಲಗಳ ನಡುವಿನ ಒಂದು ಊರಿಗೆ ಮೊದಲ ವರ್ಷ ಹೋದೆ. ಆ ಸಲ ಬಿಳಿಜೋಳ ಚೆನ್ನಾಗಿ ಬಂದಿತ್ತು. ನೋಡಲು ಅರ್ಧ ಊರೇ ನೆರೆಯಿತು. ಪಕ್ಕದ ಹೊಲದ ಒಡತಿ ಒಬ್ಬ ವಯಸ್ಸಾದ ಹೆಂಗಸು, ಊರಿಗೆಲ್ಲ ಆಯಿ. ಗಂಡ ತೀರಿಕೊಂಡ ಮೇಲೆ ತನ್ನ ಜೋಡೆತ್ತಿನ ಮೇಲೆ ತಾನೇ ಕಮತ ನಡೆಸಿದವಳು. ಆ ಎತ್ತುಗಳನ್ನು ತನ್ನ ಮನೆಯ ಆಕಳ ಹೊಟ್ಟೆಯಿಂದಲೇ ಪಡೆದು, ಕರುಗಳಿದ್ದಾಗಿನಿಂದ ಸಾಕಿದ್ದಳು. ನಾನು ಗೋಣಿತಟ್ಟಿನ ಮೇಲೆ ಕಾಳು ಸುರಿದು ತಕ್ಕಡಿ ತೆಗೆಯುವಾಗ ಆಯಿ ಮುಂದೆ ಬಂದಳು.

"ಇದೇನ ತಮ್ಮಾ, ಸರಕಾರದ ರಾಶಿ ಇಷ್ಟ? ಗುಬ್ಬಿ ಕೆದರಿದಂಗ ಐತಿ."

"ಇಷ್ಟ ಇರತೈತ್ರಿ ಆಯಿ. ಇದು ನಮೂನಿ."

"ನಮೂನಿ ಇರ್ಲಿ, ಏನರ ಇರ್ಲಿ. ರಾಶಿ ರಾಶೀನ. ಕಣಕ್ಕ ಬರಿಗೈಲೆ ಬರೂದು ನಮ್ಮೂರಾಗ ಪದ್ಧತಿ ಇಲ್ಲ."

ಹಾಗೆಂದವಳೇ ಉಡಿಯಿಂದ ಒಂದು ಹಿಡಿ ಜೋಳ ತೆಗೆದು ರಾಶಿಯ ಮೇಲೆ ಹಾಕಿದಳು. "ಹುಲಸಾಗಲಿ," ಎಂದಳು. ಹಿಂದಿದ್ದವರೂ ಒಬ್ಬೊಬ್ಬರಾಗಿ ಬಂದು ಹಿಡಿ ಹಿಡಿ ಹಾಕಿ ಹುಲುಸಾಗಲಿ, ಹುಲುಸಾಗಲಿ ಎಂದರು. ಆ ಊರಲ್ಲಿ ಯಾರ ರಾಶಿಯಾದರೂ ಅಷ್ಟೇ. ಕಣಕ್ಕೆ ಬಂದವರು ತಮ್ಮ ಮನೆಯ ಹಿಡಿ ಕಾಳು ಹಾಕಿ, ರಾಶಿ ಹೆಚ್ಚಲಿ ಎಂದು ಹರಸಬೇಕು. ಚೀಲಗಟ್ಟಲೆ ಕಾಳಿರುವ ರಾಶಿಗೆ ಹಿಡಿ ಕಾಳು ಯಾವ ಲೆಕ್ಕ? ನನಗೆ ನಗು ಬಂತು, ಖುಷಿಯೂ ಆಯಿತು. ಎಲ್ಲ ಸೇರಿಸಿಯೇ ತೂಗಿ, ಬರೆದು, ಸೈಕಲ್ ಹತ್ತಿದೆ.

ಬೇಸಿಗೆಯಲ್ಲಿ ಕಚೇರಿಯಲ್ಲಿ ಕೂತು ಅಂಕಿ ಹಿಗ್ಗಿಸುವ ಕೆಲಸ ಬಿದ್ದಾಗ ಮಾತ್ರ ನನಗೆ ಅರಿವಾಯಿತು. ಹತ್ತಾರು ಹಿಡಿ ಸೇರಿದರೆ ಆ ಪುಟ್ಟ ರಾಶಿಗೆ ಕಾಲುಭಾಗವೋ ಅದಕ್ಕೂ ಹೆಚ್ಚೋ ಬೀಳುತ್ತದೆ. ಹಿಗ್ಗಿಸಿದಾಗ ಯಾರೂ ಬೆಳೆಯದ ಜೋಳ ಊರ ತುಂಬ ನಿಂತುಬಿಡುತ್ತದೆ. ಇದು ನನಗೆ ಗೊತ್ತಾಗಿತ್ತು. ಮುಂದೆ ನಡೆದದ್ದು ಗೊತ್ತಿದ್ದೂ ಮಾಡಿದ ತಪ್ಪು. ಅದಕ್ಕೇ ಇಂದಿಗೂ ಕಾಲು ನಿಲ್ಲುವುದಿಲ್ಲ.

ಎರಡನೆಯ ವರ್ಷ ಜೋಳ ಹಾಲುಗಾಳಾಗಿದ್ದಾಗ ಅಕಾಲದ ಮಳೆ ಹಿಡಿಯಿತು. ಒಂದು ವಾರ ಬಿಡಲಿಲ್ಲ. ತೆನೆ ಕಪ್ಪಾಯಿತು, ಕಾಳು ಜೊಳ್ಳಾಯಿತು. ಅದಕ್ಕಿಂತ ಹೆಚ್ಚಾಗಿ ಕಣಿಕೆ ಕೊಳೆತು ನಾರತೊಡಗಿತು. ಜೋಳದ ಆ ದಂಟೇ ನಮ್ಮ ದನಗಳಿಗೆ ವರ್ಷದ ಮೇವು. ಮೂಸಿ ನೋಡಿ ಎತ್ತುಗಳು ಮುಖ ತಿರುಗಿಸುತ್ತಿದ್ದವು. ಮನುಷ್ಯರು ಹೇಗೋ ಹಳೆಯ ಕಾಳಿನಲ್ಲಿ ವರ್ಷ ನೂಕಿಯಾರು, ದನಗಳು ಏನು ತಿನ್ನಬೇಕು? ಹುಕ್ಕೇರಿ ತಾಲೂಕಿನ ಪಡುವಣ ಗುಡ್ಡಗಳ ಹುಲ್ಲು ತರಿಸಿ ಗೋಕಾಕದಲ್ಲಿ ಮೇವಿನ ಡಿಪೋ ತೆರೆಯುತ್ತಾರೆಂದೂ, ಬೆಳೆಯ ಅಂದಾಜು ಒಂದು ಮಟ್ಟಕ್ಕಿಂತ ಕೆಳಗಿಳಿದ ಊರುಗಳಿಗೆ ಮಾತ್ರ ಹುಲ್ಲು ಕೊಡುತ್ತಾರೆಂದೂ ಸುದ್ದಿ ಬಂತು. ಆ ಅಂದಾಜು ನನ್ನ ತಕ್ಕಡಿಯಲ್ಲಿತ್ತು.

ಆರಿಸಿದ ಊರುಗಳಲ್ಲಿ ಅದೇ ಊರು ಮತ್ತೆ ಬಂತು. ಕೊಯ್ಸಿದೆ, ಬಡಿಸಿದೆ, ತೂರಿಸಿದೆ. ತಟ್ಟಿನ ಮೇಲೆ ಬಿದ್ದ ಕಾಳು ನೋಡಲು ಜನ ಬಗ್ಗಿದರು. ಅಷ್ಟು ಬಡ ರಾಶಿಯನ್ನು ಅವರು ಕಂಡಿರಲಿಲ್ಲ. ಆಯಿ ಬಂದಳು, ಒಂದು ಹಿಡಿ ಹಾಕಿದಳು. ರಾಶಿಯನ್ನೊಮ್ಮೆ ನೋಡಿ ಮತ್ತೊಂದು ಹಿಡಿ ಹಾಕಿದಳು. "ಹುಲಸಾಗಲಿ, ಮುಂದಿನ ವರ್ಷರ ಹುಲಸಾಗಲಿ." ಅವಳನ್ನು ನೋಡಿ ಉಳಿದವರೂ ಎರಡೆರಡು ಹಿಡಿ ಹಾಕಿದರು. ಅದು ನೆಲದಡಿಯ ಹಗೇವಿನಲ್ಲಿ ಉಳಿದಿದ್ದ ಹೋದ ವರ್ಷದ ಕಾಳು. ಕಪ್ಪು ಕಾಳಿನ ಮೇಲೆ ಮುತ್ತಿನಂಥ ಬಿಳಿ ಕಾಳು ಎದ್ದು ಕಾಣುತ್ತಿತ್ತು.

ಬೇಡ ಎನ್ನಬೇಕಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಅವರು ಹಾಕುತ್ತಿದ್ದ ರೀತಿ ಹಾಗಿತ್ತು. ಸತ್ತವರ ಮನೆಯಲ್ಲಿ ಸಮಾಧಾನ ಹೇಳುವಂತೆ ಮೆಲ್ಲಗೆ ಬಗ್ಗಿ ಹಾಕುತ್ತಿದ್ದರು. ಕೈ ತಡೆಯಲು ನನಗೆ ಮನಸ್ಸಾಗಲಿಲ್ಲ. ಸಂಜೆಯೊಳಗೆ ಹುಕ್ಕೇರಿ ಮುಟ್ಟಬೇಕೆಂಬ ಅವಸರವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಬಿಳಿ ಕಾಳು ಆರಿಸಿ ತೆಗೆಯಲು ಹತ್ತು ನಿಮಿಷ ಸಾಕಿತ್ತು. ನಾನು ತೂಗಿ, ಬರೆದು, ಹೊರಟೆ.

ಮೇವಿನ ಪಟ್ಟಿಯನ್ನು ಕಚೇರಿಯ ಗೋಡೆಗೆ ಹಚ್ಚಿದ ದಿನ ನಾನು ಗೋಕಾಕದಲ್ಲೇ ಇದ್ದೆ. ಆ ಊರಿನ ಹೆಸರು ಅದರಲ್ಲಿ ಇರಲಿಲ್ಲ. ನಾಲ್ಕು ಸಲ ಮೇಲಿನಿಂದ ಕೆಳಗೆ ಓದಿದೆ. ಎರಡು ದಿನ ಬಿಟ್ಟು ಆಯಿ ಕಚೇರಿಗೆ ಬಂದಳು, ಕೈಯಲ್ಲಿ ಕೊಳೆತ ಕಣಿಕೆಯ ಒಂದು ಸಿವುಡು. ಅದನ್ನು ಮೇಜಿನ ಮೇಲಿಟ್ಟು, ನಮ್ಮೂರ ಹೆಸರು ಯಾಕಿಲ್ಲ ಎಂದು ಕೇಳಿದಳು.

"ನಿಮ್ಮೂರ ಬೆಳಿ ಬರೋಬ್ಬರಿ ಬಂದೈತಿ ಅಂತ ಬರದೈತ್ರಿ, ಆಯಿ," ಎಂದರು ಕಾರಕೂನರು. ಅವರಿಗೇನು ಗೊತ್ತು, ಕಾಗದದಲ್ಲಿ ಇದ್ದದ್ದನ್ನು ಓದಿದರು.

ಅಷ್ಟರಲ್ಲಿ ಮೂಲೆಯಲ್ಲಿ ನಿಂತಿದ್ದ ನಾನು ಆಯಿಯ ಕಣ್ಣಿಗೆ ಬಿದ್ದೆ. ಅವಳ ಮುಖ ಅರಳಿತು.

"ಹಾಂ, ನಮ್ಮ ತಮ್ಮ ಅದಾನಲ್ಲ! ಇಂವಾ ಕಣ್ಣಾರೆ ನೋಡ್ಯಾನ. ಹೇಳಪಾ ಇವರಿಗೆ, ನಮ್ಮ ಬೆಳಿ ಹೆಂಗಿತ್ತ ಅನ್ನೂದು."

ನಾನು ಹೇಳಿದ್ದು ಇಷ್ಟೇ: "ನೋಡ್ತೀನ್ರಿ ಆಯಿ." ಅವಳು ತಲೆಯಾಡಿಸಿ, ನಂಬಿ, ಹೊರಟುಹೋದಳು. ಎರಡು ಎತ್ತು ಉಳಿಸಿಕೊಳ್ಳುವುದು ಬಿಟ್ಟು ಆಕೆಗೆ ಬೇರೆ ಯಾವ ಆಸೆಯೂ ಇರಲಿಲ್ಲ.

ಮುಂದಿನ ದಿನಗಳನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ನನ್ನ ತೂಕ ತಪ್ಪು, ಬೇಕಾದರೆ ನನ್ನನ್ನು ತೆಗೆದುಹಾಕಿ ಎಂದು ಅರ್ಜಿ ಬರೆದೆ, ಹರಿದೆ. ಮತ್ತೆ ಬರೆದು ಕಿಸೆಯಲ್ಲಿಟ್ಟುಕೊಂಡು ಹುಕ್ಕೇರಿ ಸೀಮೆಯ ಕಣಗಲಾ ಕಡೆ ಕೆಲಸವಿದೆ ಎಂದು ಸೈಕಲ್ ಹತ್ತಿದೆ. ಅಲ್ಲಿ ಕೆಲಸವೇನೂ ಇರಲಿಲ್ಲ. ಹುಲ್ಲಿನ ಗಾಡಿಗಳು ಸಾಲಾಗಿ ಗೋಕಾಕದ ಕಡೆ ಹೋಗುವುದನ್ನು ನೋಡುತ್ತ ಒಂದು ಮಧ್ಯಾಹ್ನ ಕಳೆದು ಮರಳಿದೆ. ಮರುದಿನ ಗಟ್ಟಿ ಮನಸ್ಸು ಮಾಡಿ ಸಾಹೇಬರ ಮನೆಗೆ ಹೋದೆ. ಅವರು ಬೆಳಗಾವಿಗೆ ಹೋಗಿದ್ದರು, ಅರ್ಜಿ ಕಿಸೆಯಲ್ಲೇ ಉಳಿಯಿತು. ಸದ್ಯ ಬದುಕಿದೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಈಗಲೂ ನಾಚಿಕೆಯಾಗುತ್ತದೆ.

ಯುಗಾದಿ ಕಳೆದ ಮೇಲೆ ಮೂಡಲಗಿಯ ದನದ ಸಂತೆಗೆ ಧಾರಣೆ ಬರೆಯಲು ಹೋದೆ. ಮೇವಿಲ್ಲದ ಊರುಗಳ ದನಗಳೆಲ್ಲ ಅಲ್ಲಿಗೆ ಬಂದಿದ್ದವು. ಮಾರುವವರೇ ಎಲ್ಲ, ಕೊಳ್ಳುವವರು ಕಡಿಮೆ. ಆ ಗದ್ದಲದಲ್ಲಿ ಆಯಿ ತನ್ನ ಜೋಡೆತ್ತು ಹಿಡಿದು ನಿಂತಿದ್ದಳು. ಕೊಣ್ಣೂರಿನ ಕಬ್ಬಿನ ರೈತರೊಬ್ಬರು ಎತ್ತುಗಳ ಹಲ್ಲು ನೋಡುತ್ತಿದ್ದರು. ಅವರಿಗೆ ನೀರಾವರಿ ಇತ್ತು, ಕಬ್ಬಿನ ತುದಿಯ ಹಸಿರು ಮೇವಿತ್ತು. ದಲಾಲ ಹೆಗಲ ವಸ್ತ್ರ ಮುಚ್ಚಿ, ಅದರಡಿಯಲ್ಲಿ ಬೆರಳು ಹಿಡಿದು ವ್ಯಾಪಾರ ಮುಗಿಸಿದ. ನನ್ನ ಕೆಲಸವೇ ಅದು. ಹೋಗಿ ದಲಾಲನನ್ನು ದರ ಕೇಳಿ ಬರೆದುಕೊಳ್ಳಬೇಕು. ಕೇಳಿದೆ. ಹೋದ ವರ್ಷ ಅಂಥ ಜೋಡಿಗೆ ಬಂದದ್ದರ ಅರ್ಧವೂ ಇರಲಿಲ್ಲ. ಬರೆದುಕೊಂಡೆ.

ಎತ್ತುಗಳು ಹೋದ ಮೇಲೆ ಆಯಿ ಬೇವಿನ ಮರದ ಬುಡದಲ್ಲಿ ಬರಿ ಹಗ್ಗ ಹಿಡಿದು ಕೂತಿದ್ದಳು. ನನಗೆ ತಡೆಯಲಾಗಲಿಲ್ಲ. ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಹಿಡಿ ಕಾಳು ಹೇಗೆ ಎಕರೆಗೆ ಹಿಗ್ಗಿತು, ಎಕರೆ ಹೇಗೆ ಊರಾಯಿತು, ಪಟ್ಟಿಯಿಂದ ಊರು ಹೇಗೆ ಬಿದ್ದುಹೋಯಿತು. ಹೇಳುತ್ತ ಹೇಳುತ್ತ ನನ್ನ ಎದೆ ಹಗುರಾಯಿತು. ಅವಳ ಮುಖ ನೋಡಿದ್ದು ಆಮೇಲೆ.

ಆಯಿ ತನ್ನ ಬಲಗೈ ಬಿಚ್ಚಿ ನೋಡಿಕೊಳ್ಳುತ್ತಿದ್ದಳು.

"ಅಂದ್ರ ಮೊದಲ ಹಾಕಿದಾಕಿ ನಾನ," ಎಂದಳು. "ನಾ ಎರಡ ಹಿಡಿ ಹಾಕಿದ್ದಕ್ಕ ಅವರೂ ಎರಡ ಹಾಕಿದ್ರು."

"ನಿಮ್ಮ ತಪ್ಪ ಅಲ್ರಿ ಆಯಿ. ನಾ ತಡೀಬೇಕಿತ್ರಿ."

"ಹೌದಪಾ, ಅವತ್ತ ಹೇಳಬೇಕಿತ್ತ. ಇಲ್ಲಾಂದ್ರ ಇವತ್ತರ ಹೇಳಬಾರದಿತ್ತ."

ಹಗ್ಗ ಸುತ್ತಿ ಬಗಲಲ್ಲಿಟ್ಟುಕೊಂಡು ಎದ್ದು ಹೋದಳು. ನಾನು ನನ್ನ ಭಾರ ಇಳಿಸಿಕೊಳ್ಳಲು ಹೋಗಿ ಅದನ್ನು ಅವಳ ತಲೆಗೆ ಹೊರಿಸಿದ್ದೆ.

ಆ ಮಳೆಗಾಲದಲ್ಲೇ ದನಗಣತಿ ಬಂತು. ಆ ಊರಿನ ಎತ್ತಿನ ಅಂಕಣದಲ್ಲಿ ಮನೆಯಿಂದ ಮನೆಗೆ ಸೊನ್ನೆ ಬರೆಯುತ್ತ ಹೋದೆ. ಆಯಿಯ ಮನೆಯಲ್ಲಿ ಎರಡು ಗೂಟ ಹಾಗೇ ಇದ್ದವು, ಗೋದಲಿಯನ್ನು ಸಾರಿಸಿ ಇಟ್ಟಿದ್ದಳು. "ಎಮ್ಮಿ ಒಂದ ಬರ್ಕೊ," ಎಂದಳು.

ಮೂರನೆಯ ವರ್ಷ ಬೆಳೆ ತುಂಬಿ ಬಂತು. ನಾನಾಗಿ ಕೇಳಿ ಆ ಊರಿಗೆ ಹೋದೆ. ಈ ಸಲ ಯಾರನ್ನೂ ಮುಟ್ಟಗೊಡಬಾರದು, ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅದರ ಅಗತ್ಯ ಬೀಳಲಿಲ್ಲ. ಜನ ಬಂದರು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ದೂರ ನಿಂತರು. ಆಯಿ ಊರಿಗೆಲ್ಲ ಹೇಳಿದ್ದಳು. ಯಾರೂ ಹುಲುಸಾಗಲಿ ಎನ್ನಲಿಲ್ಲ. ನನ್ನ ನೌಕರಿಯಲ್ಲೇ ಅಷ್ಟು ಸರಿಯಾದ ತೂಕ ಅದೊಂದೇ ಇರಬೇಕು. ನೆರೆಯ ಊರುಗಳಲ್ಲೆಲ್ಲ ಇಳುವರಿ ಏರಿರುವಾಗ ಈ ಊರಲ್ಲಿ ಹೋದ ವರ್ಷದಷ್ಟೇ ಏಕೆ, ಕಾರಣ ತಿಳಿಸಿ ಎಂದು ಮೇಲಿನಿಂದ ಕಾಗದ ಬಂತು. ಹೋದ ವರ್ಷದ ಹಿಡಿ ಕಾಳಿನ ಮಾತು ಎತ್ತದೆ ಹವಾಮಾನ ಎಂದು ಬರೆದು ಕಳಿಸಿದೆ.

ಹದಿನೈದು ದಿನದ ಮೇಲೆ ಆಯಿಯ ಸ್ವಂತ ರಾಶಿ ಎಂದು ಕೇಳಿದೆ. ಬಾಡಿಗೆಯ ಎತ್ತು ಕಟ್ಟಿ ತುಳಿಸಿದ್ದಳಂತೆ. ಅವತ್ತು ನನಗೆ ಅಲ್ಲಿ ಸರಕಾರಿ ಕೆಲಸವಿರಲಿಲ್ಲ. ಗೋಕಾಕದ ಮನೆಯಿಂದ ಒಂದು ಹಿಡಿ ಜೋಳ ಅಂಗಿಯ ಪಕ್ಕದ ಕಿಸೆಗೆ ಹಾಕಿಕೊಂಡು ಅಷ್ಟು ದೂರ ಸೈಕಲ್ ತುಳಿದೆ. ಕಣದ ಅಂಚಿಗೆ ಚಪ್ಪಲಿ ಬಿಟ್ಟು ಒಳಗೆ ಹೋದೆ. ರಾಶಿ ನನ್ನ ಎದೆಯೆತ್ತರ ಇತ್ತು. ಹುಲುಸಾಗಲಿ ಎನ್ನಲು ಬಾಯಿ ತೆರೆದು ಕೈ ಚಾಚಿದೆ.

ಆಯಿ ನನ್ನ ಮಣಿಕಟ್ಟು ಹಿಡಿದಳು. ಸಿಟ್ಟಿರಲಿಲ್ಲ, ಮೆತ್ತಗೇ ಹಿಡಿದಿದ್ದಳು.

"ಬ್ಯಾಡ ತಮ್ಮಾ. ಇದ್ದಷ್ಟ ಇರ್ಲಿ. ಎಲ್ಲಿ ಯಾರ ಅಳೀತಿರ್ತಾರೋ."

ಉಣ್ಣಲು ಕೂಡಿಸಿದಳು, ರೊಟ್ಟಿಯ ಮೇಲೆ ಬೆಣ್ಣೆ ಹಾಕಿದಳು. ಉಂಡು ಹೊರಟೆ. ಆ ಹಿಡಿ ಜೋಳ ಕಿಸೆಯಲ್ಲೇ ಇತ್ತು. ಗೋಕಾಕ ಮುಟ್ಟುವ ತನಕ ಪೆಡಲು ತುಳಿದಾಗಲೆಲ್ಲ ಅದು ತೊಡೆಗೆ ತಾಗುತ್ತಿತ್ತು.