ಹಗೇವಿನ ಬಾಯಲ್ಲಿ ಜರ್ಮನ್ ಹಡಗು

ನಾನು ಬಿ.ಎ. ಆಗುವುದು ಸಾಧ್ಯವೇ ಇಲ್ಲ ಎಂದವರು ನನ್ನ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಮಣ್ಣೂರಿನ ನಮ್ಮ ಮನೆಗೆ ಅವರೇ ಯಜಮಾನರು. ಅದು ಎರಡನೇ ಮಹಾಯುದ್ಧದ ಕಾಲ. ಕೊನೆಯ ವರ್ಷದ ಓದಿಗೆ ನಾನು ಹೈದರಾಬಾದಿಗೆ ಹೊರಡಬೇಕು ಅನ್ನುವಾಗ ಅಡ್ಡ ನಿಂತರು.

"ಸಾಕು, ಇನ್ನ ಹೊಲ ನೋಡು. ನೀ ಬಿ.ಎ. ಆದ್ರ ನಾ ಜರ್ಮನಿಯವ್ರ ಮುಳುಗೋ ಹಡಗಿನ್ಯಾಗ ಕುಂದರ್ತೇನಿ!"

ನೀರಿನಡಿ ಮುಳುಗಿ ಸಾಗುವ ಆ ಸಬ್‌ಮರೀನ್ ಹಡಗಿನ ಸುದ್ದಿಯನ್ನು ಊರಿಗೆ ತಂದವನು ನಾನೇ. ಕಾಲೇಜಿನಲ್ಲಿ ಪತ್ರಿಕೆ ಓದಿ ಬಂದು ಕಟ್ಟೆಯ ಮೇಲೆ ಹೇಳಿದ್ದೆ: ಉಕ್ಕಿನ ಕೊಳವೆಯೊಳಗೆ ನಲವತ್ತು-ಐವತ್ತು ಮಂದಿ, ವಾರಗಟ್ಟಲೆ ಸ್ನಾನವಿಲ್ಲ, ಒಬ್ಬ ಎದ್ದ ಹಾಸಿಗೆಯಲ್ಲೇ ಇನ್ನೊಬ್ಬ ಮಲಗಬೇಕು. ಆಳಕ್ಕಿಳಿದರೆ ಪಾಯಖಾನೆಯೂ ಬಂದ್.

"ಅಯ್ಯ, ಮತ್ತ ತಂಬಿಗಿ ತಗೊಂಡು ಎಲ್ಲಿಗಿ ಹೋಗ್ತಾರ್ಲೇ?" ಎಂದು ಮಾವನ ತಾಯಿ, ನನ್ನ ಅಜ್ಜಿ, ಕೇಳಿದಳು. ನನ್ನ ಓದು ಅಲ್ಲಿಯವರೆಗೆ ಹೋಗಿರಲಿಲ್ಲ.

"ಬಾಂಬಿನ ಮಾತು ಬಿಡ್ರಿ ಮಾವ, ಒಳಗಿನ ಗಾಳಿ ಕೆಟ್ಟರೂ ಸಾಯ್ತಾರ್ರಿ."

"ಗಾಳಿಗಿ ಸಾಯ್ತಾರಂತ! ಇಂಥಾ ಸುಳ್ಳು ಕಲಿಯಾಕ ಹೈದರಾಬಾದ್ ಬೇಕೇನು?"

ಆ ಜಗಳದ ಮರುದಿನ ಹಗೇವು ತೆಗೆಯುವುದಿತ್ತು. ಹಗೇವು ಎಂದರೆ ಜೋಳ ತುಂಬಿ ಬಾಯಿ ಮುಚ್ಚಿಟ್ಟ ನೆಲದಡಿಯ ಗುಂಡಿ. ಒಳಗೆ ಗಾಳಿ ಕೆಟ್ಟಿರುವುದುಂಟು; ಬಾಯಿ ತೆರೆದು, ಕಂದೀಲು ಇಳಿಸಿ, ಅದು ಉರಿಯುತ್ತಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಅದನ್ನು ನನಗೆ ಕಲಿಸಿದವರೂ ಮಾವನೇ. ಆದರೆ ಅವತ್ತು ನನ್ನ ಮೇಲಿನ ಸಿಟ್ಟಿಗೆ ಎಲ್ಲ ಮರೆತು, ಬಾಯಿ ತೆರೆದದ್ದೇ ತಡ, ಎರಡೂ ಕಾಲು ಒಳಗೆ ಇಳಿಬಿಟ್ಟು ಕೂತರು.

"ಇದೇ ನಿನ್ನ ಜರ್ಮನ್ ಹಡಗ. ಇಳಿತೇನಿ, ಹೆಂಗ ಸಾಯ್ತೇನಿ ನೋಡು."

"ಮಾವ, ಆ ಹಡಗಿನ್ಯಾಗೂ ಗಾಳಿ ಹಿಂಗೇ ಕೆಟ್ಟಿರ್ತದ್ರಿ! ಕಂದೀಲರ ಇಳಸ್ರಿ!"

ಅಜ್ಜಿ ಹಿಂದಿನಿಂದ ಮಗನ ಧೋತರ ಹಿಡಿದು ಜಗ್ಗಿದಳು. "ತಡಿಯೋ, ಸಾಯೋ ಗಡಿಬಿಡಿ ಏನದ? ಮೊದಲ ಕಂದೀಲ ಹೋಗ್ಲಿ."

ಹಗ್ಗ ಕಟ್ಟಿ ಇಳಿಸಿದೆ. ಕಂದೀಲು ಎದೆಯುದ್ದ ಇಳಿದಿತ್ತೋ ಇಲ್ಲವೋ, ಕಣ್ಣು ಮುಚ್ಚಿದಂತೆ ಆರಿತು. ಮಾವ ಮೊದಲು ಒಂದು ಕಾಲು, ಆಮೇಲೆ ಇನ್ನೊಂದು ಕಾಲು, ಏನೂ ಅವಸರವಿಲ್ಲದವರಂತೆ ಮೇಲಕ್ಕೆ ತೆಗೆದುಕೊಂಡರು.

"ಏಳು ತಮ್ಮಾ, ನಿನ್ನ ಟೇಶನ್ ಬಂತು" ಎಂದಳು ಅಜ್ಜಿ ಮಗನಿಗೆ.

ಅಂದು ಉಣ್ಣುವಾಗ ಮಾವ ರೊಟ್ಟಿಯನ್ನೇ ನೋಡುತ್ತ ಕೇಳಿದರು: "ಹೈದರಾಬಾದಿಗಿ ಯಾವಾಗ ಹೋಗಾಂವ?"

ಆ ವರ್ಷ ಬಿದ್ದು ಎದ್ದು ಓದಿದೆ. ಪಾಸಾದೆ. ಬಿ.ಎ. ಎಂಬ ಎರಡಕ್ಷರವನ್ನು ಇವತ್ತಿಗೂ ನನ್ನ ಹೆಸರಿನ ಮುಂದೆ ಬರೆಯದೆ ಬಿಡುವುದಿಲ್ಲ. ಪದವಿಪತ್ರ ತಂದು ಮೊದಲು ಮಾವನ ಕೈಗೇ ಕೊಟ್ಟೆ. ಅವರು ಧೋತರಕ್ಕೆ ಕೈ ಒರೆಸಿಕೊಂಡು, ಎಳೆಗೂಸನ್ನು ಹಿಡಿದಂತೆ ಹಿಡಿದರು.

"ಮಾವ, ಹಡಗಿನ ಮಾತು ನೆನಪದೇನ್ರಿ?"

"ಎರಡೂ ಕಾಲ ಇಳಿಬಿಟ್ಟಿದ್ದಿಲ್ಲೇನಲೇ? ಅರ್ಧ ಮಾತು ನಡಸೇನಿ. ಉಳದರ್ಧ ನೀ ಎಂ.ಎ. ಆದ ಮ್ಯಾಲ."