ಬಳಿ ಅತ್ತಿಯ ಹೆಬ್ಬೆಟ್ಟು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕುಳಿತಿದ್ದೇನೆ, ಎದ್ದು ಹೋಗಿದ್ದೇನೆ. ಹೆಂಡತಿ ಇರುವವರೆಗೂ ಅವಳಿಗೂ ಹೇಳಲಿಲ್ಲ. ಈಗ ಕೇಳಬೇಕಾದವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯಲು ಧೈರ್ಯ ಬಂದಿದೆ.

ಮದ್ರಾಸ್ ಪ್ರಾಂತ್ಯ ಒಡೆಯುತ್ತದೆ, ಬಳ್ಳಾರಿ ಆಂಧ್ರಕ್ಕೋ ಮೈಸೂರಿಗೋ ಎಂದು ಜಗಳ ನಡೆದಿದ್ದ ದಿನಗಳು. ನಾನು ಹೈಸ್ಕೂಲು ಮುಗಿಸಿ ಕುರುಗೋಡಿನ ಮನೆಯಲ್ಲಿದ್ದೆ. ಕನ್ನಡದ ಪರ ಓಡಾಡುತ್ತಿದ್ದವರು ಬಳ್ಳಾರಿಯಿಂದ ಬಂದು ನಮ್ಮಂಥವರ ಕೈಗೆ ಕಾಗದದ ಕಟ್ಟು ಕೊಟ್ಟರು. ‘ನಮ್ಮ ಮನೆಮಾತು ಕನ್ನಡ, ನಾವು ಮೈಸೂರಿಗೆ ಸೇರುತ್ತೇವೆ’ ಎಂದು ಅದರಲ್ಲಿತ್ತು. ಕೆಳಗೆ ಸಹಿ, ಇಲ್ಲವೇ ಹೆಬ್ಬೆಟ್ಟು. ಉಳಿದವರಿಗಿಂತ ಹೆಚ್ಚು ತರಬೇಕೆಂಬ ಹಟ ನನಗೆ.

ನಮ್ಮ ಮನೆಗೆ ಬಳೆ ಮಾರುವ ಹೆಂಗಸೊಬ್ಬಳು ಬರುತ್ತಿದ್ದಳು. ತವರು ಆದೋನಿ, ಮನೆಮಾತು ತೆಲುಗು. ಗಂಡ ಬಿಟ್ಟುಹೋದ ಮೇಲೆ ಸಿರುಗುಪ್ಪದಲ್ಲಿ ಕೋಣೆ ಹಿಡಿದು, ಬಳೆ ಹೊತ್ತು ಊರೂರು ತಿರುಗುತ್ತಿದ್ದಳು. ಹಬ್ಬಕ್ಕೆ ಮಾತ್ರ ಆದೋನಿಯ ಅಣ್ಣನ ಮನೆ. ಕೈಕಾಲು ಸೋತ ಮೇಲೆ ಅಲ್ಲೇ ಇರುತ್ತೇನೆ ಎಂದು ಅವ್ವನಿಗೆ ಹೇಳುತ್ತಿದ್ದಳು. ನಾವೆಲ್ಲ ಅವಳನ್ನು ಬಳಿ ಅತ್ತಿ ಎನ್ನುತ್ತಿದ್ದೆವು. ನಾನು ಅವಳಿಗೆ ಅಳಿಯ. ಒಂದು ದಿನ ಅವಳ ಮುಂದೆಯೂ ಆ ಕಾಗದ ಹಿಡಿದೆ.

“ಏನಿದು ಅಳಿಯಾ, ನಿನ್ನ ಮದಿವಿ ಕಾಗದಾನ?”

“ರೇಷನ್ ಅಕ್ಕಿಗೆ, ಅತ್ತಿ. ಹೆಬ್ಬಟ್ಟು ಒತ್ತು.”

“ಹೆಸರು ಸರಿಯಾಗಿ ಬರಿ ಲೇ. ನನ್ನ ಅಕ್ಕಿ ಇನ್ಯಾರರ ತಿಂದಾರು.”

ಒತ್ತಿದಳು. ಬೆರಳ ಮಸಿಯನ್ನು ತಲೆಗೂದಲಿಗೆ ಒರೆಸಿಕೊಂಡಳು.

ಮುಂದಿನ ವಾರ ಸಿರುಗುಪ್ಪದ ಸಭೆಯಲ್ಲಿ ನಮ್ಮವರು ಆ ಪಟ್ಟಿ ಓದಿದರು. “ಕೇಳ್ರಪೋ, ಆದೋನಿ ಬಳಿಗಾರ್ತಿನೂ ಮೈಸೂರು ಕಡಿಗೇ!” ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಅವಳ ಅಣ್ಣ ಆಂಧ್ರದ ಪರ ಓಡಾಡುವವನೆಂದು ನನಗೆ ಗೊತ್ತಿತ್ತು.

ಗಡಿ ಬಿತ್ತು. ಆದೋನಿ ಅತ್ತ ಹೋಯಿತು, ನಾವು ಇತ್ತ ಉಳಿದೆವು. ಆ ಒಂದು ಹೆಬ್ಬೆಟ್ಟು ಇಲ್ಲದಿದ್ದರೂ ಹಾಗೇ ಆಗುತ್ತಿತ್ತು.

ಹಬ್ಬ ಕಳೆದು ಅವಳು ಬಂದಾಗ ನಾನು ಪಡಸಾಲೆಯಲ್ಲಿದ್ದೆ. ತಂಗಿಗೆ ಬಳೆ ಇಡುತ್ತಲೇ ಹೇಳಿದಳು.

“ಅಣ್ಣ ಬಾಗಲಾ ತೆಗೀಲಿಲ್ಲ ಅಳಿಯಾ. ಮೈಸೂರಿಗೆ ಹೆಬ್ಬಟ್ಟು ಕೊಟ್ಟಾಕಿ ಅಲ್ಲೇ ಸಾಯಿ ಅಂದ. ಇಲ್ಲಿ ನೋಡಿದ್ರ ಹುಡುಗ್ರು ಆಂಧ್ರಕ್ಕ ಹೋಗು ಅಂತ ಕೂಗ್ತಾವ. ಆವತ್ತಿಂದು ಅಕ್ಕಿ ಕಾಗದ ಹೌದಲ್ಲೋ?”

ಅವ್ವ ನನ್ನ ಮುಖ ನೋಡಿದಳು.

“ಅಕ್ಕಿದೇ, ಅತ್ತಿ.”

“ಮತ್ತ ಅಕ್ಕಿ ಯಾಕ ಬರಲಿಲ್ಲ?”

ಅವಳು ಉಳಿದ ಬಳೆ ಇಟ್ಟು ಮುಗಿಸಿ ಎದ್ದಳು. ಮತ್ತೆ ಬರಲಿಲ್ಲ. ಸಿರುಗುಪ್ಪದ ಕೋಣೆ ಖಾಲಿಯಾಯಿತು. ಗುಂತಕಲ್ ಸ್ಟೇಷನ್ನಿನಲ್ಲಿ ಕಂಡಳೆಂದು ಯಾರೋ ಅಂದರು. ನಾನು ಹುಡುಕಲು ಹೋಗಲಿಲ್ಲ.

ತಪ್ಪಾಯಿತೆಂದು ಅವಳಿಗೆ ನಾನು ಹೇಳಲೇ ಇಲ್ಲ. ಅವಳ ಸ್ವಂತ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆ ಹೆಬ್ಬೆಟ್ಟಿನ ಪಕ್ಕದಲ್ಲಿ, ಅವಳು ಹೇಳಿದಂತೆ, ನಾನೇ ಒಂದು ಸಲ ಬರೆದಿದ್ದೆ. ಈಗ ಎಷ್ಟು ನೆನೆದರೂ ಬರುವುದು ಇಷ್ಟೇ: ಬಳಿ ಅತ್ತಿ.